ಚಿಕ್ಕಮಗಳೂರಿನಲ್ಲಿ ಚಳಿಗಾಲದ ಬೆಳಿಗ್ಗೆ ಹೊಗೆ ಯಾಕೆ ಮೇಲೇಳುವುದಿಲ್ಲ?

ಕಣದಮನೆ · ಜನವರಿ 11, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಒಂದಿದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಮ್ಮದು ಚಿಕ್ಕಮಗಳೂರು ಪೇಟೆಯಿಂದ ಬೆಟ್ಟದ ಕಡೆಗೆ ಸಣ್ಣ ಕಾಫಿ ತೋಟ. ಜಾಸ್ತಿ ಅರೇಬಿಕಾ, ಕೆಳಗಡೆ ಒಂದಿಷ್ಟು ರೊಬಸ್ಟಾ, ಮರಗಳಿಗೆ ಮೆಣಸು. ಮನೆ ತಗ್ಗಿನಲ್ಲಿದೆ. ಮನೆ ಮುಂದೆ ಕಣ, ಕಣದ ಕೆಳಗೆ ಗದ್ದೆ, ಗದ್ದೆಯಾಚೆ ಹಳ್ಳ. ಮೂರು ಕಡೆ ಗುಡ್ಡ.

ಅಮ್ಮನಿಗೆ ಉಬ್ಬಸ. ಎರಡು ವರ್ಷ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದರು. ಊರಿಗೆ ಕರೆದುಕೊಂಡು ಹೋಗಿ, ಅಲ್ಲಿನ ಗಾಳಿಗೆ ಸರಿಹೋಗುತ್ತಾರೆ ಎಂದು ಎಲ್ಲರೂ ಹೇಳಿದರು. ಜುಲೈನಲ್ಲಿ ಕರೆತಂದೆ. ನವೆಂಬರ್‌ವರೆಗೂ ಚೆನ್ನಾಗಿದ್ದರು. ಇನ್‌ಹೇಲರ್ ಅಲಮಾರಿನಲ್ಲೇ ಇತ್ತು. ಡಿಸೆಂಬರ್ ಎರಡನೇ ವಾರದಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಆರರಿಂದ ಒಂಬತ್ತೂವರೆವರೆಗೆ ಒಂದೇ ಸಮ ಕೆಮ್ಮು, ಎದೆ ಗೊರಗೊರ. ಹತ್ತು ಗಂಟೆ ಆದಮೇಲೆ ಯಾರೋ ಎದೆಯ ಮೇಲಿಂದ ಕಲ್ಲು ಇಳಿಸಿದ ಹಾಗೆ ಹಗುರ. ಸಂಜೆ ಏಳಕ್ಕೆ ಮತ್ತೆ ಶುರು.

ಚಳಿಯೇ ಕಾರಣ ಎಂದುಕೊಂಡಿದ್ದೆ. ಆದರೆ ಒಂದು ದಿನ ಬೆಳಿಗ್ಗೆ ಕಣದಲ್ಲಿ ಟಾರ್ಪಾಲಿನ್ ತೆಗೆಯುತ್ತಿದ್ದಾಗ ಕಣ್ಣಿಗೆ ಬಿತ್ತು. ಕೆಳಗಿನ ಲೈನು ಮನೆಗಳಿಂದ, ಅಂದರೆ ತೋಟದ ಕೂಲಿಯವರ ಸಾಲು ಮನೆಗಳಿಂದ, ಬಚ್ಚಲೊಲೆಯ ಹೊಗೆ ಏಳುತ್ತಿತ್ತು. ಸಿಲ್ವರ್ ಓಕ್ ಮರದ ಅರ್ಧದಷ್ಟು ಎತ್ತರ ಹೋಗುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಗಾಜಿಗೆ ತಾಗಿದಂತೆ ಬಾಗಿ, ಗದ್ದೆ ಮೇಲೆ ಚಾಪೆ ಹಾಸಿದ ಹಾಗೆ ಅಡ್ಡಡ್ಡ ಹರಡುತ್ತದೆ. ಒಂಬತ್ತೂವರೆವರೆಗೂ ಅಲ್ಲೇ ಮಲಗಿರುತ್ತದೆ. ನಮ್ಮ ಮನೆ ಸರಿಯಾಗಿ ಆ ಚಾಪೆಯ ಎತ್ತರಕ್ಕಿದೆ. ಅದೇ ಒಲೆ ಮಧ್ಯಾಹ್ನ ಎರಡಕ್ಕೆ ಹಚ್ಚಿದರೆ ಹೊಗೆ ನೆಟ್ಟಗೆ ಮೇಲಕ್ಕೆ ಹೋಗಿ ಕಾಣದಂತಾಗುತ್ತದೆ.

ಮೊಬೈಲ್‌ನಲ್ಲಿ ನೋಡಿದರೆ ಚಿಕ್ಕಮಗಳೂರಿನ ಗಾಳಿ ‘ಒಳ್ಳೆಯದು’ ಎಂದು ಹಸಿರು ಬಣ್ಣ. ಹಾಗಾದರೆ ನಮ್ಮ ತಗ್ಗಿನಲ್ಲಿ ಆಗುತ್ತಿರುವುದು ಏನು? ಬೇರೆಯವರ ಊರಲ್ಲೂ ಹೀಗೇನಾ?

ಭೂಗೋಳ ಮೇಷ್ಟ್ರು · ಜನವರಿ 11, ಬೆಳಿಗ್ಗೆ 11:45

ನೀವು ನೋಡಿದ್ದು ಸರಿಯಾಗಿದೆ. ಆ ‘ಗಾಜು’ ನಿಜವಾಗಿಯೂ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಸಾಮಾನ್ಯವಾಗಿ ಮೇಲಕ್ಕೆ ಹೋದಷ್ಟೂ ಗಾಳಿ ತಣ್ಣಗಾಗುತ್ತದೆ. ಒಂದು ಕಿಲೋಮೀಟರ್ ಹತ್ತಿದರೆ ಸುಮಾರು ಆರೂವರೆ ಡಿಗ್ರಿ ಕಡಿಮೆ. ಚಿಕ್ಕಮಗಳೂರು ಪೇಟೆ ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ತುದಿಯಲ್ಲಿ ಐದಾರು ಡಿಗ್ರಿ ಜಾಸ್ತಿ ಚಳಿ ಇರಬೇಕು. ಬಿಸಿ ಹೊಗೆ ಮೇಲೇಳುವುದು ಇದರಿಂದಲೇ. ತನಗಿಂತ ತಣ್ಣನೆಯ ಗಾಳಿ ಮೇಲೆ ಇರುವವರೆಗೂ ಅದು ಏರುತ್ತಲೇ ಹೋಗುತ್ತದೆ.

ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಆಕಾಶ ತಿಳಿಯಾಗಿರುತ್ತದೆ, ಮೋಡದ ಕಂಬಳಿ ಇಲ್ಲ, ಗಾಳಿ ಬೀಸುವುದಿಲ್ಲ. ನೆಲ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟು ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ. ಅದು ನೀರಿನ ಹಾಗೆ ಗುಡ್ಡದ ಇಳಿಜಾರಿನಲ್ಲಿ ಇಳಿದು ಬಂದು ತಗ್ಗಿನಲ್ಲಿ ಕೆರೆಯಂತೆ ತುಂಬಿಕೊಳ್ಳುತ್ತದೆ. ಅದರ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿಯ ಪದರ. ನಿಮ್ಮ ಲೈನು ಮನೆಯ ಹೊಗೆ ಆ ಬೆಚ್ಚಗಿನ ಪದರ ತಲುಪಿದಾಗ ಅದಕ್ಕಿಂತ ಹಗುರ ಅಲ್ಲ. ಹಾಗಾಗಿ ಅಲ್ಲೇ ನಿಂತು ಅಡ್ಡಕ್ಕೆ ಹರಡುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ.

ಸೂರ್ಯ ಬಂದು ನೆಲ ಕಾಯಿಸಬೇಕು. ಆಗ ಕೆಳಗಿನ ಗಾಳಿ ಬೆಚ್ಚಗಾಗಿ ಮೇಲೇಳುತ್ತದೆ, ಮುಚ್ಚಳ ಒಡೆಯುತ್ತದೆ. ನಿಮ್ಮ ಕಡೆ ಗುಡ್ಡದ ನೆರಳು ಇರುವುದರಿಂದ ಬಿಸಿಲು ತಡವಾಗಿ ಬೀಳುತ್ತದೆ ಅಲ್ವಾ? ಅದಕ್ಕೇ ಒಂಬತ್ತೂವರೆ.

ನಂಬಿಕೆ ಬರದಿದ್ದರೆ ಇಂಥ ಒಂದು ದಿನ ಬೆಳಿಗ್ಗೆ ಆರೂವರೆಗೆ ಬೈಕಿನಲ್ಲಿ ಬೆಟ್ಟದ ದಾರಿಯ ಕೈಮರ ದಾಟಿ ಹತ್ತಿ ನೋಡಿ. ತಗ್ಗಿನಲ್ಲಿ ಬೆರಳು ಮರಗಟ್ಟುತ್ತದೆ. ನಾಲ್ಕೈದು ತಿರುವು ಹತ್ತುತ್ತಿದ್ದಂತೆ ಒಮ್ಮೆಲೇ ಬೆಚ್ಚಗಿನ ಗಾಳಿ ಮುಖಕ್ಕೆ ತಾಗುತ್ತದೆ. ಹಿಂದೆ ತಿರುಗಿ ನೋಡಿದರೆ ಕೆಳಗೆ ಬೆಳ್ಳಗೆ ಸಮುದ್ರ. ಪ್ರವಾಸಿಗಳು ಅದನ್ನು ಮಂಜು ಎಂದು ಫೋಟೋ ತೆಗೆಯುತ್ತಾರೆ. ಅದರೊಳಗೆ ಎಷ್ಟು ಹೊಗೆ ಇದೆ ಎನ್ನುವುದು ಕೆಳಗಿರುವವರಿಗೆ ಗೊತ್ತು.

ಹೂಮಳೆ · ಜನವರಿ 11, ಮಧ್ಯಾಹ್ನ 1:10

ಮೇಷ್ಟ್ರೇ, ಇದನ್ನು ಓದಿದಾಗ ಒಂದು ವಿಷಯ ಹೊಳೆಯಿತು. ಕಾಫಿ ಒಣಗಲು ನಮಗೆ ಬೇಕಾಗಿರುವುದೂ ಇದೇ ಆಕಾಶ. ಮೋಡ ಇರಬಾರದು, ಇಬ್ಬನಿ ಬೇಗ ಆರಬೇಕು, ಬಿಸಿಲು ಕಾಯಬೇಕು. ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣಿನ, ತೇವ ಶೇಕಡಾ 11ರ ಹತ್ತಿರ ಬರುವವರೆಗೆ ಎರಡು ವಾರಕ್ಕೂ ಜಾಸ್ತಿ ಇಂಥ ದಿನ ಬೇಕು. ಅಂದರೆ ಕಾಫಿ ಒಣಗುವ ಆಕಾಶವೇ ಹೊಗೆ ಕೂರುವ ಆಕಾಶ!

ಕಣದಮನೆ · ಜನವರಿ 11, ಮಧ್ಯಾಹ್ನ 1:32

ಸತ್ಯವಾದ ಮಾತು. ಹೋದ ವಾರ ಎರಡು ದಿನ ಮೋಡ ಮುಚ್ಚಿತ್ತು. ಅಪ್ಪ ಕಣದ ಕಾಫಿ ನೋಡಿ ಊಟವನ್ನೂ ಸರಿಯಾಗಿ ಮಾಡಲಿಲ್ಲ, ಬೂಷ್ಟು ಹಿಡಿಯುತ್ತದೆ ಎಂದು. ಅಮ್ಮ ಆ ಎರಡು ದಿನ ಕೆಮ್ಮಲೇ ಇಲ್ಲ.

ಸ್ಟುವರ್ಟ್ ಹಿಲ್ ಪಕ್ಕ · ಜನವರಿ 11, ಸಂಜೆ 4:05

ಮಡಿಕೇರಿಯಿಂದ. ನಮ್ಮ ಊರಿನ ಹೆಸರು ದೇಶದ ಅತಿ ಶುದ್ಧ ಗಾಳಿಯ ಪಟ್ಟಿಗಳಲ್ಲಿ ಆಗಾಗ ಬರುತ್ತದೆ. ಖುಷಿಯ ವಿಷಯವೇ. ಆದರೆ ಮಡಿಕೇರಿ ಕೂತಿರುವ ಜಾಗ ನೋಡಿ. ಪೇಟೆಯ ಬಹುಪಾಲು ಬೆಟ್ಟದ ಏಣಿನ ಮೇಲಿದೆ, ತಗ್ಗಿನಲ್ಲಲ್ಲ. ರಾತ್ರಿ ತಣ್ಣನೆ ಗಾಳಿ ನಮ್ಮನ್ನು ಬಿಟ್ಟು ಕೆಳಗೆ ಇಳಿದು ಹೋಗುತ್ತದೆ. ನಮ್ಮ ಹೊಗೆಯೂ ಅದರ ಜೊತೆ ಇಳಿಯುತ್ತದೆ. ರಾಜಾಸೀಟಿನಲ್ಲಿ ಬೆಳಿಗ್ಗೆ ನಿಂತರೆ ಕೆಳಗಿನ ಕಣಿವೆ ತುಂಬ ಬಿಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರ ಇರುವುದು ಸ್ಟುವರ್ಟ್ ಹಿಲ್‌ನಲ್ಲಿ, ಹೆಸರೇ ಹೇಳುವ ಹಾಗೆ ಎತ್ತರದ ಜಾಗ. ಅದು ಹೇಳುವುದು ಆ ಎತ್ತರದ ಗಾಳಿಯ ಕಥೆ. ಕಣಿವೆಯ ಗದ್ದೆ ಬದಿ ಮನೆಯವರದು ಬೇರೆ ಕಥೆ ಇರಬಹುದು.

ನಿಮ್ಮ ಊರಿನ ಕೇಂದ್ರ ಕಲ್ಯಾಣ ನಗರದಲ್ಲಿದೆ. ಪೇಟೆ ಬಯಲಿಗೆ ತೆರೆದುಕೊಂಡಿದೆ. ಅಲ್ಲಿಯ ಸಂಖ್ಯೆ ನಿಮ್ಮ ಹಳ್ಳದ ಬದಿಯ ಮನೆಗೆ ಹೇಗೆ ಹೊಂದುತ್ತದೆ?

ಅಳತೆಗಾರ · ಜನವರಿ 11, ಸಂಜೆ 6:50

ಆ ಹಸಿರು ಬಣ್ಣದ ಬಗ್ಗೆ ಎರಡು ಮಾತು. ನಾನು ಇದೇ ಕೆಲಸದಲ್ಲಿದ್ದವನು.

ಗಾಳಿಯಲ್ಲಿನ ಸೂಕ್ಷ್ಮ ಕಣಗಳ ಎಕ್ಯುಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಲೆಕ್ಕ ಹಾಕುವುದು 24 ಗಂಟೆಯ ಸರಾಸರಿಯಿಂದ. ನಿಮ್ಮ ಅಮ್ಮ ಕೆಮ್ಮುವುದು ಬೆಳಿಗ್ಗೆ ಮೂರೂವರೆ ಗಂಟೆ, ಸಂಜೆ ಒಂದೆರಡು ಗಂಟೆ. ಉಳಿದ ಹದಿನೆಂಟು ಗಂಟೆ ಗಾಳಿ ಚೆನ್ನಾಗಿದ್ದರೆ ಸರಾಸರಿಯೂ ಚೆನ್ನಾಗಿಯೇ ಬರುತ್ತದೆ. ಮನುಷ್ಯ ಸರಾಸರಿಯನ್ನು ಉಸಿರಾಡುವುದಿಲ್ಲ. ಆ ಹೊತ್ತಿನ ಗಾಳಿಯನ್ನೇ ಉಸಿರಾಡಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ಅಳತೆ ಕೇಂದ್ರದ ಗಂಟೆಗಂಟೆಯ ಅಂಕಿ ಸಿಗುತ್ತದೆ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು, ‘ಒಳ್ಳೆಯದು’ ಎಂಬ ಮಾತಿನ ಗಡಿ. ನಮ್ಮ ದೇಶದಲ್ಲಿ ಪಿಎಂ 2.5 (2.5 ಮೈಕ್ರಾನ್‌ಗಿಂತ ಸಣ್ಣ ಕಣ) ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 30 ಮೈಕ್ರೋಗ್ರಾಂವರೆಗೆ ಇದ್ದರೆ ‘ಒಳ್ಳೆಯದು’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ವರ್ಷದ ಸರಾಸರಿಗೆ ನಮ್ಮ ಮಿತಿ 40, ಅವರದು 5. ಹಸಿರು ಬಣ್ಣ ಕಂಡ ಕೂಡಲೇ ಉಬ್ಬಸದವರು ನಿಶ್ಚಿಂತೆಯಿಂದ ಇರಬಹುದು ಎಂದಲ್ಲ.

ಮನೆಯಲ್ಲಿ ಸಣ್ಣ ಮೀಟರ್ ಏನಾದರೂ ತಂದಿದ್ದೀರಾ?

ಕಣದಮನೆ · ಜನವರಿ 11, ರಾತ್ರಿ 8:15

ತಂಗಿ ಒಂದು ಕೊಟ್ಟಿದ್ದಾಳೆ ಸರ್. ಬೆಳಿಗ್ಗೆ ಕೆಂಪು, ಮಧ್ಯಾಹ್ನ ಹಸಿರು. ಆದರೆ ಜುಲೈನಲ್ಲಿ ಮಂಜು ಕವಿದ ದಿನವೂ ಕೆಂಪು ತೋರಿಸುತ್ತಿತ್ತು. ಅದಕ್ಕೇ ನಂಬಿಕೆ ಇಲ್ಲ.

ಅಳತೆಗಾರ · ಜನವರಿ 11, ರಾತ್ರಿ 8:40

ನಂಬಿಕೆ ಕಳೆದುಕೊಳ್ಳಬೇಡಿ, ಅದರ ಮಿತಿ ತಿಳಿದುಕೊಂಡರೆ ಸಾಕು. ಒಳಗೆ ಒಂದು ಪುಟ್ಟ ಲೇಸರ್ ಇರುತ್ತದೆ. ಕಣಕ್ಕೆ ಬಡಿದು ಚದುರಿದ ಬೆಳಕನ್ನು ನೋಡಿ ಎಷ್ಟು ಕಣ ಇದೆ ಎಂದು ಅಂದಾಜು ಮಾಡುತ್ತದೆ. ಮಂಜಿನ ಹನಿಯೂ ಬೆಳಕು ಚದುರಿಸುತ್ತದೆ. ಅದಕ್ಕೆ ಹನಿ ಯಾವುದು, ಹೊಗೆ ಯಾವುದು ಗೊತ್ತಾಗುವುದಿಲ್ಲ. ತೇವದ ಗಾಳಿಯಲ್ಲಿ ಹೊಗೆಯ ಕಣವೂ ನೀರು ಹೀರಿ ಊದಿಕೊಳ್ಳುತ್ತದೆ, ಇನ್ನೂ ದೊಡ್ಡದಾಗಿ ಕಾಣುತ್ತದೆ. ಸರ್ಕಾರಿ ಕೇಂದ್ರದ ಯಂತ್ರಗಳಲ್ಲಿ ಒಳಗೆ ಬರುವ ಗಾಳಿಯನ್ನು ಬೆಚ್ಚಗೆ ಮಾಡಿ ತೇವ ತೆಗೆಯುತ್ತಾರೆ.

ಮಲೆನಾಡಿನಲ್ಲಿ ಸಣ್ಣ ಮೀಟರ್ ಇಟ್ಟವರು ತೇವಾಂಶವನ್ನೂ ಜೊತೆಗೆ ನೋಡಬೇಕು. ತೇವ ಶೇಕಡಾ 85 ದಾಟಿದ್ದರೆ ಆ ಸಂಖ್ಯೆಯನ್ನು ಹಾಗೇ ತೆಗೆದುಕೊಳ್ಳಬೇಡಿ. ಒಂದೇ ತೇವ ಇರುವ ಎರಡು ಬೆಳಿಗ್ಗೆಗಳನ್ನು ಹೋಲಿಸಿ: ಒಲೆ ಹಚ್ಚಿದ ದಿನ, ಹಚ್ಚದ ದಿನ. ವ್ಯತ್ಯಾಸ ಇದ್ದರೆ ಅದು ಹೊಗೆಯದು.

ರೈಟರ್ ಮಗಳು · ಜನವರಿ 12, ಬೆಳಿಗ್ಗೆ 7:30

ನಿನ್ನೆಯಿಂದ ಓದುತ್ತಿದ್ದೇನೆ. ಒಂದು ಮಾತು ಹೇಳಲೇಬೇಕು.

ನಮ್ಮ ಅಪ್ಪ ಮೂಡಿಗೆರೆ ಕಡೆ ಒಂದು ತೋಟದಲ್ಲಿ ಮೂವತ್ತು ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಲೈನು ಮನೆಗಳ ಪಕ್ಕದಲ್ಲೇ ನಾನು ಬೆಳೆದದ್ದು. ಆ ಬಚ್ಚಲೊಲೆಯ ಹೊಗೆ ನಿಮ್ಮ ಮನೆಗೆ ಬರುವುದು ಒಂಬತ್ತೂವರೆವರೆಗೆ. ಅದನ್ನು ಊದುವ ಹೆಂಗಸಿಗೆ ಅದು ಮೊದಲು ಮುಖಕ್ಕೆ ಬರುತ್ತದೆ. ಬಚ್ಚಲು ಎಂದರೆ ಏನು? ತಗಡಿನ ಗೂಡು. ಹೊಗೆ ಹೋಗಲು ತಗಡು ಮತ್ತು ಗೋಡೆಯ ನಡುವಿನ ಸಂದಿ ಮಾತ್ರ. ಒಳಗೆ ಹಂಡೆ, ಹಸಿ ಸೌದೆ, ಕಾಫಿ ಗಿಡ ಸವರಿದಾಗ ಬಿದ್ದ ಕಡ್ಡಿ. ಕಣ್ಣು ಕೆಂಪಗೆ ಮಾಡಿಕೊಂಡು, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಊದುತ್ತಿದ್ದ ಅಕ್ಕಂದಿರು ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತಾರೆ. ಹಣ್ಣು ಬಿಡಿಸುವ ಕಾಲದಲ್ಲಿ ಎಂಟಕ್ಕೆ ತೋಟದಲ್ಲಿರಬೇಕು. ಮಕ್ಕಳಿಗೆ ಸ್ನಾನ ಮಾಡಿಸಿ, ಬುತ್ತಿ ಕಟ್ಟಿ ಹೊರಡಬೇಕು. ಹಾಗಾದರೆ ಐದೂವರೆಗೆ ಒಲೆ ಹಚ್ಚದೆ ಇನ್ನೇನು ಮಾಡುತ್ತಾರೆ? ದಯವಿಟ್ಟು ಅವರಿಗೆ ‘ಬೆಳಿಗ್ಗೆ ಬೆಂಕಿ ಹಾಕಬೇಡಿ’ ಎಂದು ಹೇಳಿ ಮುಗಿಸಬೇಡಿ ಅಣ್ಣ.

ನನ್ನ ಲೆಕ್ಕ ಹೀಗಿದೆ. ಆಕಾಶ ತಿಳಿಯಾಗಿರುವ ದಿನವೇ ಹೊಗೆ ಕೂರುತ್ತದೆ ಎಂದಿರಿ. ಅದೇ ತಿಳಿ ಆಕಾಶದ ದಿನ ಸೋಲಾರ್ ಚೆನ್ನಾಗಿ ಕಾಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಂದಿನ ದಿನದ ಬಿಸಿಲಿನಲ್ಲಿ ಕಾದ ನೀರು ಬೆಳಿಗ್ಗೆ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಕೆಲಸ ಮಾಡುವುದಿಲ್ಲ, ನಿಜ. ಆಗ ಒಲೆಯೇ ಬೇಕು. ಆದರೆ ಆಗ ಗಾಳಿ, ಮಳೆ ಎರಡೂ ಇರುತ್ತವೆ, ಹೊರಗೆ ಹೊಗೆ ಕೂರುವುದಿಲ್ಲ. ಬಚ್ಚಲಿಗೆ ಒಂದು ಸರಿಯಾದ ಚಿಮಣಿ ಹಾಕಿಸಿದರೆ ಮಳೆಗಾಲವೂ ಸುಧಾರಿಸುತ್ತದೆ. ಈ ಖರ್ಚು ತೋಟದವರದು. ಕೂಲಿಯವರ ತಲೆಗೆ ಕಟ್ಟುವಂಥದ್ದಲ್ಲ.

ಕಣದಮನೆ · ಜನವರಿ 12, ಬೆಳಿಗ್ಗೆ 9:55

ಅಕ್ಕ, ನೀವು ಹೇಳಿದ್ದು ನೇರವಾಗಿ ತಾಗಿತು. ನಾಲ್ಕು ಮನೆ ಇವೆ ನಮ್ಮಲ್ಲಿ. ಇಷ್ಟು ದಿನ ಹೊಗೆ ನಮ್ಮ ಕಡೆ ಬರುವುದನ್ನಷ್ಟೇ ನೋಡಿದ್ದೆ, ಹೊರಡುವ ಜಾಗಕ್ಕೆ ಹೋಗಿ ನಿಂತಿರಲಿಲ್ಲ. ಇವತ್ತು ಬೆಳಿಗ್ಗೆ ಹೋಗಿದ್ದೆ. ಒಂದು ಬಚ್ಚಲಿನಲ್ಲಿ ಎರಡು ನಿಮಿಷ ನಿಲ್ಲಲು ಆಗಲಿಲ್ಲ. ಗೋಡೆ ಪೂರ್ತಿ ಕಪ್ಪು, ಬೆರಳು ಇಟ್ಟರೆ ಅಂಟುತ್ತದೆ. ಅಲ್ಲಿ ಒಂದೂವರೆ ವರ್ಷದ ಮಗುವಿಗೆ ಸ್ನಾನ ಮಾಡಿಸುತ್ತಾರೆ.

ಅಡಿಕೆ ಸಿಪ್ಪೆ · ಜನವರಿ 12, ಮಧ್ಯಾಹ್ನ 12:30

ಒಲೆಯ ವಿಷಯಕ್ಕೆ ಸೇರಿಸುತ್ತೇನೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಅವರು ಮಾಡಿದ ಅಸ್ತ್ರ ಒಲೆ ನಮ್ಮ ಅಜ್ಜಿ ಮನೆಯಲ್ಲಿತ್ತು. ಸೌದೆ ಕಡಿಮೆ, ಹೊಗೆ ಚಿಮಣಿಯಲ್ಲಿ ಹೊರಗೆ. ಹಳೆಯ ಮಾತು ಎಂದು ಬಿಡಬೇಡಿ, ಬಚ್ಚಲಿಗೆ ಇಂಥದ್ದೇ ಒಲೆ ಇವತ್ತಿಗೂ ಆಗುತ್ತದೆ.

ನಾನು ಕೊಪ್ಪದವನು. ನಮ್ಮ ಕಡೆ ಅಕ್ಟೋಬರ್ ಕೊನೆಯಿಂದ ಅಡಿಕೆ ಬೇಯಿಸುವ ಒಲೆಗಳು. ಅದು ಹೇಗೋ ನಡೆಯುತ್ತದೆ. ನನ್ನ ಸಂಕಟ ಸಿಪ್ಪೆಯದು. ಸುಲಿದ ಸಿಪ್ಪೆಯನ್ನು ತಂದು ರಸ್ತೆ ಬದಿ ಸುರಿಯುತ್ತಾರೆ. ಒಣಗಿದ ಮೇಲೆ ಯಾರೋ ಕಿಡಿ ಹಾಕುತ್ತಾರೆ. ಅದು ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ, ದಿನಗಟ್ಟಲೆ. ಉರಿಯುವ ಬೆಂಕಿಗಿಂತ ಬೇಯುವ ಬೆಂಕಿಯ ಹೊಗೆ ಕೆಟ್ಟದ್ದು, ಅರ್ಧಂಬರ್ಧ ಸುಟ್ಟ ಹೊಗೆ ಅದು. ರಾತ್ರಿ ತಣ್ಣನೆ ಗಾಳಿ ಇಳಿದಾಗ ಹೊಗೆಯೆಲ್ಲ ರಸ್ತೆಯ ತಗ್ಗಿಗೆ ಬಂದು ನಿಲ್ಲುತ್ತದೆ. ಬೆಳಿಗ್ಗೆ ಐದರ ಬಸ್ಸಿಗೆ ಹೋಗುವವರಿಗೆ ಎದುರಿನ ಗಾಡಿ ಕಾಣುವುದಿಲ್ಲ. ಅದೇ ಸಿಪ್ಪೆ ಕೊಳೆಸಿ ತೋಟಕ್ಕೆ ಹಾಕಿದರೆ ಗೊಬ್ಬರ, ಬುಡಕ್ಕೆ ಮುಚ್ಚಿಗೆ.

ದರಕು · ಜನವರಿ 12, ಮಧ್ಯಾಹ್ನ 2:20

ಶಿರಸಿ ಕಡೆಯವಳು ನಾನು. ನಮ್ಮಲ್ಲಿ ಸೊಪ್ಪಿನ ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತೇವೆ, ಅದೇ ಗೊಬ್ಬರ ಆಗುತ್ತದೆ. ಒಣ ಎಲೆ ಸುಡುವುದು ಎಂದರೆ ಗೊಬ್ಬರಕ್ಕೇ ಬೆಂಕಿ ಇಟ್ಟ ಹಾಗೆ. ದನ ಕಡಿಮೆ ಆದಮೇಲೆ ನಮ್ಮ ಕಡೆಯೂ ಅಂಗಳದ ಮೂಲೆಯಲ್ಲಿ ಸಂಜೆ ಆರಕ್ಕೆ ಕಿಡಿ ಹಾಕುವುದು ಜಾಸ್ತಿ ಆಗಿದೆ. ಸಂಜೆ ಆರಕ್ಕೆ! ಮೇಷ್ಟ್ರು ಹೇಳಿದ ಮುಚ್ಚಳ ಬೀಳುವ ಹೊತ್ತಿಗೆ ಸರಿಯಾಗಿ.

ಭೂಗೋಳ ಮೇಷ್ಟ್ರು · ಜನವರಿ 12, ಮಧ್ಯಾಹ್ನ 3:00

ಹೌದು ತಂಗಿ. ಬೆಳಿಗ್ಗೆ ಹಾಕಿದ ಹೊಗೆಯನ್ನು ಹತ್ತು ಗಂಟೆಯ ಬಿಸಿಲು ಎತ್ತಿಕೊಂಡು ಹೋಗುತ್ತದೆ. ಸಂಜೆ ಹಾಕಿದ ಹೊಗೆಗೆ ರಾತ್ರಿ ಪೂರ್ತಿ ಹೋಗಲು ದಾರಿ ಇಲ್ಲ. ಮನೆಮಂದಿ ಬಾಗಿಲು ಹಾಕಿ ಮಲಗಿದರೂ ಹೆಂಚಿನ ಸಂದಿಯಲ್ಲಿ ಒಳಗೆ ಬರುತ್ತದೆ. ಕಸ ಸುಡುವುದು ಕಾನೂನಿನ ಪ್ರಕಾರವೂ ತಪ್ಪು. 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಮಟ್ಟದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ಹೇಳಿದೆ.

ಕಡೂರು ಬಯಲು · ಜನವರಿ 12, ಸಂಜೆ 5:15

ನಮ್ಮದೂ ಅದೇ ಜಿಲ್ಲೆ, ಆದರೆ ಗಾಳಿ ಬೇರೆ. ಬೆಟ್ಟದ ಮಳೆ ನೆರಳಿನಲ್ಲಿ ನಾವಿದ್ದೇವೆ. ಇಲ್ಲಿ ಹೊಗೆ ಕೂರುವುದಿಲ್ಲ, ಗಾಳಿ ಸಿಕ್ಕಾಪಟ್ಟೆ. ನಮಗೆ ಧೂಳಿನ ಕಾಟ. ಡಿಸೆಂಬರ್, ಜನವರಿಯಲ್ಲಿ ರಾಗಿಯನ್ನು ರಸ್ತೆ ಮೇಲೆ ಹಾಕಿ ಒಕ್ಕಣೆ ಮಾಡುತ್ತಾರೆ, ಮಾರ್ಚ್ ಬಂತೆಂದರೆ ಉತ್ತ ಹೊಲದ ಕೆಮ್ಮಣ್ಣು ಏಳುತ್ತದೆ. ಧೂಳು ದಪ್ಪ ಕಣ, ಬೇಗ ನೆಲಕ್ಕೆ ಬೀಳುತ್ತದೆ, ಮೂಗಿನಲ್ಲೇ ಅರ್ಧ ನಿಲ್ಲುತ್ತದೆ. ಹೊಗೆಯಷ್ಟು ಒಳಗೆ ಇಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದರು. ಮೂವತ್ತು ನಲವತ್ತು ಕಿಲೋಮೀಟರ್ ಅಂತರದಲ್ಲಿ ಎಷ್ಟು ವ್ಯತ್ಯಾಸ ನೋಡಿ.

ನೀಲಗಿರಿ ಕ್ಯಾರೆಟ್ · ಜನವರಿ 12, ರಾತ್ರಿ 9:00

ಗುಂಡ್ಲುಪೇಟೆಯವನು, ಊಟಿಯಲ್ಲಿ ತರಕಾರಿ ವ್ಯಾಪಾರ. ಇಲ್ಲಿ ತಣ್ಣನೆ ಗಾಳಿ ಎಲ್ಲಿ ತುಂಬುತ್ತದೆ ಎಂದು ತಿಳಿಯಲು ಮೀಟರ್ ಬೇಡ. ಊಟಿ 2,240 ಮೀಟರ್ ಎತ್ತರ. ಜನವರಿಯಲ್ಲಿ ತಗ್ಗಿನ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತದೆ, ಅದೇ ಗುಡ್ಡದಲ್ಲಿ ಸ್ವಲ್ಪ ಮೇಲಿನ ಹೊಲದಲ್ಲಿ ಇರುವುದಿಲ್ಲ. ಹಿಮ ಬೀಳುವ ಹೊಲ ಯಾವುದು ಎಂದು ರೈತರಿಗೆ ಬಾಯಿಪಾಠ. ಹೊಗೆ ಕೂರುವುದೂ ಅದೇ ಹೊಲಗಳಲ್ಲಿ. ಹೊಸ ಮನೆ ಕಟ್ಟುವವರು ಇಬ್ಬನಿ ಎಲ್ಲಿ ಕೊನೆಗೆ ಆರುತ್ತದೆ ನೋಡಿ, ಆ ಜಾಗ ಬಿಟ್ಟು ಕಟ್ಟಿ.

ಸಾಲ್ಟ್ ಲೇಕ್ ಕನ್ನಡಿಗ · ಜನವರಿ 13, ಬೆಳಿಗ್ಗೆ 6:10

ಸಕಲೇಶಪುರದವನು, ಅಮೆರಿಕದ ಯೂಟಾ ರಾಜ್ಯದಲ್ಲಿದ್ದೇನೆ. ನಿಮ್ಮ ತಗ್ಗಿನ ದೊಡ್ಡ ರೂಪದಲ್ಲಿ ನಾವು ಬದುಕುತ್ತಿದ್ದೇವೆ. ಸಾಲ್ಟ್ ಲೇಕ್ ಸಿಟಿ ಸುಮಾರು 1,300 ಮೀಟರ್ ಎತ್ತರದ ಕಣಿವೆ, ಪೂರ್ವಕ್ಕೆ ವಾಸಾಚ್ ಬೆಟ್ಟ, ಪಶ್ಚಿಮಕ್ಕೆ ಒಕ್ವಿರ್ ಬೆಟ್ಟ. ಚಳಿಗಾಲದಲ್ಲಿ ಹಿಮ ಬಿದ್ದು ಆಕಾಶ ತಿಳಿಯಾದರೆ ಮುಚ್ಚಳ ಬೀಳುತ್ತದೆ. ನಿಮ್ಮದು ಹತ್ತು ಗಂಟೆಗೆ ಒಡೆಯುತ್ತದೆ, ನಮ್ಮದು ಕೆಲವೊಮ್ಮೆ ಒಂದು ವಾರ ಒಡೆಯುವುದಿಲ್ಲ. ಇಲ್ಲಿನ ಚಳಿಗಾಲದ ಬಿಸಿಲಿಗೆ ಅಷ್ಟು ಶಕ್ತಿ ಇಲ್ಲ, ಹಿಮ ಅದನ್ನೂ ವಾಪಸ್ ಆಕಾಶಕ್ಕೆ ಕಳಿಸುತ್ತದೆ. ಈ ಮುಚ್ಚಳಕ್ಕೆ ಹೇಳುವ ‘ಇನ್‌ವರ್ಶನ್’ ಎಂಬ ಮಾತು ಇಲ್ಲಿ ಮಕ್ಕಳಿಗೂ ಗೊತ್ತು.

ಒಂದು ಒಳ್ಳೆಯ ಪದ್ಧತಿ ಇದೆ. ಮುಚ್ಚಳ ಬೀಳುವ ಲಕ್ಷಣ ಕಂಡರೆ ರಾಜ್ಯದ ಗಾಳಿ ವಿಭಾಗ ಮೊದಲೇ ಹೇಳುತ್ತದೆ, ಅಂಥ ದಿನ ಸೌದೆ ಒಲೆ ಹಚ್ಚುವಂತಿಲ್ಲ. ನಮ್ಮ ಊರಿನಲ್ಲಿ ಪಂಚಾಯಿತಿ ಕಸದ ಗಾಡಿಯ ಮೈಕಿನಲ್ಲಿ ಹೇಳಿದರೂ ಸಾಕಲ್ವಾ? ‘ಈ ವಾರ ರಾತ್ರಿ ತಿಳಿ ಆಕಾಶ, ಎಲೆ ಸುಡಬೇಡಿ’ ಎಂದು.

ಬೆಂಕಿ ರೇಖೆ · ಜನವರಿ 13, ಬೆಳಿಗ್ಗೆ 8:45

ಇನ್ನೂ ಒಂದು ಕಾಲ ಬಾಕಿ ಇದೆ, ಕಾಳ್ಗಿಚ್ಚಿನದು. ಫೆಬ್ರವರಿ, ಮಾರ್ಚ್‌ನಲ್ಲಿ ಚಂದ್ರದ್ರೋಣ ಬೆಟ್ಟದ ಹುಲ್ಲುಗಾವಲು ಒಣಗಿ ಕಡ್ಡಿ ಗೀರಿದರೆ ಹತ್ತಿಕೊಳ್ಳುವ ಹಾಗಿರುತ್ತದೆ. ಹೊಸ ಹುಲ್ಲು ಬರಲಿ ಎಂದು ಕೆಲವರು ಹಚ್ಚುತ್ತಾರೆ, ಪ್ರವಾಸಿಗಳ ಸಿಗರೇಟಿನಿಂದಲೂ ಹತ್ತುತ್ತದೆ. ನಾಲ್ಕು ವರ್ಷದಿಂದ ಅರಣ್ಯ ಇಲಾಖೆಯವರ ಜೊತೆ ಬೆಂಕಿ ಆರಿಸಲು ಹೋಗುತ್ತಿದ್ದೇನೆ. ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ, ಬೆನ್ನಿಗೆ ನೀರಿನ ಕ್ಯಾನು. ಅಷ್ಟೇ ಆಯುಧ.

ಹಗಲು ಬೆಟ್ಟದ ಗಾಳಿ ಮೇಲಕ್ಕೆ ಬೀಸುತ್ತದೆ. ಹೊಗೆ ಮೇಲೆ ಹೋಗುತ್ತದೆ, ಪೇಟೆಯವರಿಗೆ ವಾಸನೆಯೂ ಬರುವುದಿಲ್ಲ. ಕತ್ತಲಾದ ಮೇಲೆ ಗಾಳಿ ತಿರುಗಿ ಕೆಳಗೆ ಇಳಿಯುತ್ತದೆ. ರಾತ್ರಿ ಬೆಟ್ಟಕ್ಕೆ ಬೆಂಕಿಯ ಸರ ತೊಡಿಸಿದ ಹಾಗೆ ಕಾಣುತ್ತದೆ. ಮರುದಿನ ಬೆಳಿಗ್ಗೆ ತಗ್ಗಿನ ಹಳ್ಳಿಗಳ ಅಂಗಳದಲ್ಲಿ ಬೂದಿಯ ಕರಿ ಎಳೆಗಳು. ಭಾರತೀಯ ಅರಣ್ಯ ಸಮೀಕ್ಷೆ ಉಪಗ್ರಹ ನೋಡಿ ಬೆಂಕಿಯ ಎಚ್ಚರಿಕೆಯನ್ನು ಮೊಬೈಲ್‌ಗೆ ಕಳಿಸುತ್ತದೆ. ಸಾಮಾನ್ಯ ಜನರೂ ಹೆಸರು ನೋಂದಾಯಿಸಬಹುದು. ಉಬ್ಬಸದವರು ಮನೆಯಲ್ಲಿದ್ದರೆ ಅದನ್ನು ಮಾಡಿಕೊಳ್ಳಿ. ಸಂಜೆ ಸಂದೇಶ ಬಂದರೆ ಆ ರಾತ್ರಿ ಬೆಟ್ಟದ ಕಡೆಯ ಕಿಟಕಿ ಮುಚ್ಚಿ ಮಲಗಬಹುದು.

ಹೂಮಳೆ · ಜನವರಿ 13, ಬೆಳಿಗ್ಗೆ 9:30

ನಿಮ್ಮಂಥವರು ಇರುವುದಕ್ಕೆ ಬೆಟ್ಟ ಉಳಿದಿದೆ. ಕೈಮುಗಿಯುತ್ತೇನೆ.

ಕಣದಮನೆ · ಜನವರಿ 24, ಬೆಳಿಗ್ಗೆ 11:00

ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಅಮ್ಮ ಬೆಳಿಗ್ಗೆ ಆರಕ್ಕೆ ತುಳಸಿಕಟ್ಟೆ ಸುತ್ತಿ, ಹಾಗೇ ಗದ್ದೆ ಬದುವಿನಲ್ಲಿ ಒಂದು ಸುತ್ತು ಹೋಗುತ್ತಿದ್ದರು. ಅದನ್ನು ಹತ್ತೂವರೆಗೆ ಬದಲಾಯಿಸಿದೆವು. ಪೂಜೆ ತಡವಾಗುತ್ತದೆ ಎಂದು ಮೂರು ದಿನ ಮುನಿಸಿಕೊಂಡಿದ್ದರು. ಈಗ ಕಣದ ಬಿಸಿಲಲ್ಲಿ ನಡೆಯುವುದೇ ಇಷ್ಟ ಆಗಿದೆ, ಕಾಫಿ ಕೆದಕುವವರ ಜೊತೆ ಮಾತಾಡಿಕೊಂಡು. ನಮ್ಮ ಮನೆಯ ಹಂಡೆ ಒಲೆ ನಿಲ್ಲಿಸಿ ಗ್ಯಾಸ್ ಗೀಸರ್ ಹಾಕಿದೆ. ತರಗು ಸುಡುವುದು ಪೂರ್ತಿ ಬಂದ್, ಹಳೇ ಗೊಬ್ಬರದ ಗುಂಡಿಗೆ ಹಾಕುತ್ತಿದ್ದೇವೆ.

ಲೈನಿಗೆ ಒಂದು ಸೋಲಾರ್ ಟ್ಯಾಂಕ್ ಬಂದಿದೆ. ನಾಲ್ಕು ಮನೆಗೆ ಒಂದೇ, ಸಾಲದು ಅಂತ ಗೊತ್ತು. ಮಾರಿದ ಮೆಣಸಿನ ದುಡ್ಡಲ್ಲಿ ಸದ್ಯಕ್ಕೆ ಇಷ್ಟು ಆಯಿತು. ಅಳತೆಗಾರ ಸರ್ ಹೇಳಿದ ಹಾಗೆ ಒಂದೇ ತೇವದ ಎರಡು ಬೆಳಿಗ್ಗೆ ಹೋಲಿಸಿದೆ. ಟ್ಯಾಂಕ್ ಬರುವ ಮುಂಚೆ ಏಳು ಗಂಟೆಗೆ ಕೆಂಪು. ಬಂದ ಮೇಲೆ ಅದೇ ಹೊತ್ತಿಗೆ ಹಳದಿ. ಹಸಿರು ಇನ್ನೂ ಆಗಿಲ್ಲ. ಮೇಲಿನ ತೋಟದ ಲೈನಿನ ಹೊಗೆಯೂ ಇಳಿದು ಬರುತ್ತದೆ, ಅವರ ಹತ್ತಿರ ಮಾತಾಡಬೇಕು.

ರೈಟರ್ ಮಗಳು · ಜನವರಿ 24, ಮಧ್ಯಾಹ್ನ 12:15

ಅಣ್ಣ, ನನಗೆ ಕಣ್ಣು ತುಂಬಿ ಬಂತು. ಒಂದೇ ಟ್ಯಾಂಕ್ ಆದರೂ ಪರವಾಗಿಲ್ಲ. ಮಗು ಇರುವ ಮನೆಗೆ ಮೊದಲು ನೀರು ಸಿಗುವ ಹಾಗೆ ನೋಡಿ.

ಕಣದಮನೆ · ಮಾರ್ಚ್ 19, ಬೆಳಿಗ್ಗೆ 8:20

ಹಳೆಯ ಚರ್ಚೆಗೆ ಮತ್ತೆ ಬಂದೆ. ಈ ತಿಂಗಳ ಮೊದಲ ವಾರ ಎರಡು ರಾತ್ರಿ ಬೆಟ್ಟಕ್ಕೆ ಬೆಂಕಿ ಬಿದ್ದಿತ್ತು. ಸಂಜೆಯೇ ಮೊಬೈಲ್‌ಗೆ ಎಚ್ಚರಿಕೆ ಬಂತು. ಅಮ್ಮನನ್ನು ಪೇಟೆಯಲ್ಲಿ ಚಿಕ್ಕಮ್ಮನ ಮನೆಗೆ ಕಳಿಸಿದೆ. ಮರುದಿನ ಕಣದ ಮೇಲೆ ಕರಿ ಎಳೆಗಳು, ಬೆಂಕಿ ರೇಖೆ ಅವರು ಹೇಳಿದ ಹಾಗೆಯೇ.

ಮೊನ್ನೆ ಸಂಜೆ ಕಾಫಿ ಹೂವು ಅರಳಿಸುವ ಹೂಮಳೆ ಬಂತು. ಗುಡುಗು, ಮುಕ್ಕಾಲು ಗಂಟೆ ಜೋರು. ಮಳೆ ನಿಂತ ಮೇಲೆ ಬೆಟ್ಟದ ಒಂದೊಂದು ಗೆರೆಯೂ ಕಾಣುತ್ತಿತ್ತು, ಸೀತಾಳಯ್ಯನಗಿರಿಯ ದೇವಸ್ಥಾನದ ಕಡೆಯ ರಸ್ತೆ ಕೂಡ. ಮೂರು ತಿಂಗಳಿಂದ ಅದು ಕಂಡಿರಲಿಲ್ಲ. ಇನ್ನೊಂದು ವಾರ, ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅಮ್ಮ ವಾಪಸ್ ಬಂದಿದ್ದಾರೆ.

ರೈಟರ್ ಮಗಳು · ಮಾರ್ಚ್ 19, ಬೆಳಿಗ್ಗೆ 9:05

ಲೈನಿನ ಟ್ಯಾಂಕಿಗೆ ನಲ್ಲಿ ಎಷ್ಟು ಹಾಕಿಸಿದ್ದೀರಿ ಅಣ್ಣ? ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬರುತ್ತಾರೆ.

ಕಣದಮನೆ · ಮಾರ್ಚ್ 19, ಬೆಳಿಗ್ಗೆ 9:20

ಎರಡು. ಮೂರನೆಯದು ಬೇಕು ಎಂದು ಅವರೇ ಹೇಳಿದ್ದಾರೆ, ಬಚ್ಚಲಿನ ಒಳಗೇ. ಭಾನುವಾರ ಪ್ಲಂಬರ್ ಬರುತ್ತಾರೆ. ಚಿಮಣಿಯ ಪೈಪಿನ ಅಳತೆಯನ್ನೂ ಅವತ್ತೇ ತೆಗೆದುಕೊಳ್ಳುತ್ತೇವೆ, ಜೂನ್‌ಗೆ ಮುಂಚೆ ಕೂರಿಸಬೇಕು.